750 ಇದ್ದಲ್ಲಿಗೆ 750: ಕಾರ್ಬ್ಯುರೇಟರ್ ಬದಲಿಸುವ ಮುನ್ನ

ಪ್ರಶ್ನೆ: ಮಿಷಿಗನ್‌ನಲ್ಲಿರುವ ನನ್ನ ಬಳಿ 1969ರ ಷೆವ್ರೊಲೆ ಕ್ಯಾಮರೋ ಕಾರಿದೆ, 350 ಘನ ಇಂಚಿನ ಎಂಜಿನ್, ಆಟೊಮ್ಯಾಟಿಕ್ ಗಿಯರ್. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಹಳೆಯ ಕಾರ್ಬ್ಯುರೇಟರ್ ‘ರಾಚೆಸ್ಟರ್ ಕ್ವಾಡ್ರಾಜೆಟ್’ ಎಸೆದು ‘ಹಾಲಿ’ ಬ್ರಾಂಡಿನ 750 ಡಬಲ್ ಪಂಪರ್ (ಪೆಟ್ರೋಲು ಚಿಮ್ಮಿಸುವ ಎರಡು ಪಂಪುಗಳ ಕಾರ್ಬ್ಯುರೇಟರ್) ಕೂರಿಸಿದರೆ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ಎರಡೂ 750 ಸಿಎಫ್‌ಎಂ (ನಿಮಿಷಕ್ಕೆ ಹಾದುಹೋಗಬಲ್ಲ ಗಾಳಿ, ಘನ ಅಡಿಗಳಲ್ಲಿ) ತಾನೇ, ಹಾಕಿಸಲೇ?

ಉತ್ತರ: ಬೇಡ. ಕಾರಿನ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ, ಸಿಲಿಂಡರ್‌ಗಳು ಪೂರ್ತಿ ತುಂಬಿದರೂ, ಎಳೆಯುವ ಗಾಳಿ ನಿಮಿಷಕ್ಕೆ ಸುಮಾರು 506 ಘನ ಅಡಿ; ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಹಾಗಿದ್ದರೆ ಷೆವ್ರೊಲೆ ಕಂಪನಿ 750ರದ್ದನ್ನು ಏಕೆ ಕೊಟ್ಟಿತು? ಕ್ವಾಡ್ರಾಜೆಟ್‌ನ ಹಿಂದಿನ ಎರಡು ದೊಡ್ಡ ಬಾಯಿಗಳ ಮೇಲೆ ಗಾಳಿಯ ಕವಾಟವೊಂದಿದ್ದು, ನೀವು ಆಕ್ಸಿಲರೇಟರನ್ನು ಎಷ್ಟೇ ತುಳಿದರೂ ಎಂಜಿನ್ ಕೇಳಿದಷ್ಟೇ ಅದು ತೆರೆದುಕೊಳ್ಳುತ್ತದೆ. ಡಬಲ್ ಪಂಪರ್‌ನಲ್ಲಿ ಹಿಂದಿನ ಬಾಯಿಗಳು ತೆರೆಯುವುದು ನಿಮ್ಮ ಕಾಲಿನ ಒತ್ತಡಕ್ಕೆ. ಕಡಿಮೆ ವೇಗದಲ್ಲಿ ಪೂರ್ತಿ ತುಳಿದರೆ ವೆಂಚುರಿಯಲ್ಲಿ (ಗಾಳಿ ಹಾಯುವ ಕಿರಿದಾದ ಕತ್ತಿನಲ್ಲಿ) ಗಾಳಿಯ ವೇಗ ಕುಸಿದು, ಪೆಟ್ರೋಲನ್ನು ಸೆಳೆಯುವ ಬಲವಿಲ್ಲದೆ ಎಂಜಿನ್ ಮುಗ್ಗರಿಸುತ್ತದೆ. ಎರಡು ಪಂಪುಗಳು ಚಿಮ್ಮಿಸುವ ಪೆಟ್ರೋಲು ಕ್ಷಣಕಾಲದ ಆಸರೆ ಮಾತ್ರ. ಡ್ರ್ಯಾಗ್ ರೇಸಿನ ಕಾರಿಗೆ ಒಪ್ಪುವುದನ್ನು ಎಲ್ಲರ ತಲೆಗೂ ಕಟ್ಟುವ ಮೆಕ್ಯಾನಿಕ್‌ಗಳಿಗೆ ಈ ಲೆಕ್ಕ ತಿಳಿಯದೆಂದು ನಾನು ನಂಬುವುದಿಲ್ಲ. ಸಾಲದ್ದಕ್ಕೆ ಕಾರ್ಬ್ಯುರೇಟರ್ ಕೂರುವ ನಿಮ್ಮ ಮ್ಯಾನಿಫೋಲ್ಡಿನ ಬಾಯಿಗೂ ಡಬಲ್ ಪಂಪರ್ ಹೊಂದುವುದಿಲ್ಲ, ಅಡಾಪ್ಟರ್ ಬೇಕಾಗುತ್ತದೆ.

ಮೊದಲು ಹಳೆಯ ಕ್ವಾಡ್ರಾಜೆಟ್‌ನ ಎಡಬದಿಯಲ್ಲಿ ಒತ್ತಿರುವ ಸಂಖ್ಯೆ ನೋಡಿ. 7029ರಿಂದ ಆರಂಭವಾದರೆ ಅದು 1969ರದ್ದೇ. ಥ್ರಾಟಲ್ ಶಾಫ್ಟ್ ಕೂರುವ ರಂಧ್ರ ಸವೆದಿದ್ದರೆ ಬುಷ್ ಹಾಕಿಸಬಹುದು. ತಳದ ಪ್ಲಗ್‌ಗಳು ಸೋರುತ್ತಿದ್ದರೆ ಮುಚ್ಚಿಸಬಹುದು. ರಬ್ಬರ್ ಭಾಗಗಳು ಎಥೆನಾಲ್ ಮಿಶ್ರಿತ ಪೆಟ್ರೋಲಿಗೆ ತಾಳುವಂಥವೇ ಆಗಿರಲಿ. ಬಾಡಿಯೇ ಬಿರುಕು ಬಿಟ್ಟಿದ್ದರೆ ಮಾತ್ರ, ಅದೇ ಎಂಜಿನ್ನಿಗೆಂದು ಹೊಂದಿಸಿದ ಕ್ವಾಡ್ರಾಜೆಟ್ ಮಾದರಿಯ ಬದಲಿಯನ್ನು ಕೊಳ್ಳಿ. ಹೊಸದೆಂಬ ಭರವಸೆಯಿಂದ ನೇರವಾಗಿ ಕೂರಿಸದೆ ಫ್ಲೋಟ್ ಮಟ್ಟ, ಚೋಕ್, ಐಡಲ್ ಮಿಶ್ರಣಗಳನ್ನು ಪರೀಕ್ಷಿಸಿಯೇ ಓಡಿಸಿ. ಹಳೆಯದನ್ನು ಯಾರು ಕೇಳಿದರೂ ಕೊಡಬೇಡಿ.

ಪ್ರಶ್ನೆ: ಒಂದೇ ಬ್ಯಾಕ್‌ಫೈರ್‌ಗೆ (ಕಾರ್ಬ್ಯುರೇಟರಿನತ್ತ ಹಿಮ್ಮುಖವಾಗಿ ಸಿಡಿಯುವ ಉರಿಗೆ) ‘ಹಾಲಿ’ಯ ಪವರ್ ವಾಲ್ವ್, ಅಂದರೆ ಹೆಚ್ಚು ಶಕ್ತಿ ಬೇಕಾದಾಗ ಹೆಚ್ಚುವರಿ ಪೆಟ್ರೋಲು ಬಿಡುವ ಕವಾಟ, ಹರಿಯುತ್ತದಂತೆ, ಮುಚ್ಚಿಸಿಬಿಡಲೇ?

ಉತ್ತರ: 1992ರಿಂದೀಚಿನ ‘ಹಾಲಿ’ ಬ್ರಾಂಡಿನ ಕಾರ್ಬ್ಯುರೇಟರ್‌ಗಳಲ್ಲಿ ಇದಕ್ಕೆ ರಕ್ಷಣೆಯಿದೆ, ಮುಚ್ಚಿಸಬೇಡಿ.

ಪ್ರಶ್ನೆ: ಹಳೆಯ ಕಾರ್ಬ್ಯುರೇಟರಿನ ಹೊಸ ಪ್ರತಿಕೃತಿಯ ಮೇಲೆ ಹಳೆಯ ಸಂಖ್ಯೆ ಒತ್ತಿಸಿ, ಕಾರನ್ನು ಮೂಲ ಸ್ಥಿತಿಯದೆಂದು ಮಾರಬಹುದೇ?

ಉತ್ತರ: ಅದು ಮೋಸ, ಇಂಥ ಪ್ರಶ್ನೆಗಳನ್ನು ನನಗೆ ಕಳುಹಿಸಬೇಡಿ.