ಸಂಪಾದಕರ ಉತ್ತರ: ಗೆದ್ದವರಿಗೆ ಕುರ್ಚಿ ಇಲ್ಲ

‘ಬ್ರಿಟನ್ನಿನ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದೇ 1918ರಲ್ಲಿ. 1889ರ ಲಂಡನ್ ಕೌಂಟಿ ಕೌನ್ಸಿಲ್ ಚುನಾವಣೆಯಲ್ಲಿ ಮೂವರು ಮಹಿಳೆಯರು ಗೆದ್ದರೆಂದು ಬರೆದಿದ್ದೀರಿ. ಇಸವಿ ತಪ್ಪೋ, ಕಥೆಯೇ ತಪ್ಪೋ?’ ಎಂದು ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ.

ಇಸವಿ ಸರಿಯಾಗಿದೆ. ತಪ್ಪಿದ್ದು ನಮ್ಮ ಲೆಕ್ಕ. ಅದಕ್ಕೆ ಕೊನೆಗೆ ಬರುತ್ತೇನೆ.

ನೀವು ಹೇಳುವ 1918 ಪಾರ್ಲಿಮೆಂಟಿನದು. ಊರಿನ ಆಡಳಿತದ ಲೆಕ್ಕ ಬೇರೆ. ತಮ್ಮ ಹೆಸರಿನಲ್ಲಿ ಕಂದಾಯ ಕಟ್ಟುವ ಹೆಂಗಸರು 1869ರಿಂದಲೇ ನಗರಸಭೆಗಳಿಗೆ ಮತ ಹಾಕುತ್ತಿದ್ದರು. ಆದರೆ ಅವಿವಾಹಿತೆಯರು, ವಿಧವೆಯರು ಮಾತ್ರ. ಗಂಡನಿದ್ದವಳಿಗೆ ಮತವಿಲ್ಲವೆಂದು 1872ರಲ್ಲಿ ಕೋರ್ಟೇ ಹೇಳಿಬಿಟ್ಟಿತು.

ಅದುವರೆಗೆ ಲಂಡನ್ನಿನ ಚರಂಡಿ, ರಸ್ತೆ ನೋಡಿಕೊಳ್ಳುತ್ತಿದ್ದ ಮಂಡಳಿಗೆ ಜನ ನೇರವಾಗಿ ಯಾರನ್ನೂ ಆರಿಸುತ್ತಿರಲಿಲ್ಲ. ಲಂಚದ ಹಗರಣಗಳಲ್ಲಿ ಅದರ ಮಾನ ಹೋದ ಮೇಲೆ ಬಂದದ್ದು ಈ ಕೌನ್ಸಿಲ್. 1889ರ ಜನವರಿ 17ರಂದು 118 ಸ್ಥಾನಗಳಿಗೆ ಮತದಾನ. ಬ್ರಿಕ್ಸ್‌ಟನ್ನಿನಲ್ಲಿ ಲೇಡಿ ಸ್ಯಾಂಡ್‌ಹರ್ಸ್ಟ್, ಬೋ ಅಂಡ್ ಬ್ರಾಮ್ಲಿಯಲ್ಲಿ ಜೇನ್ ಕಾಬ್ಡನ್ ಗೆದ್ದರು.

ಸ್ಯಾಂಡ್‌ಹರ್ಸ್ಟ್ ಎದುರು ಸೋತ ಬೆರೆಸ್‌ಫರ್ಡ್ ಹೋಪ್ ಕೋರ್ಟಿಗೆ ಹೋದ. 1882ರ ಮುನಿಸಿಪಲ್ ಕಾನೂನಿನ 63ನೇ ಕಲಮಿನಲ್ಲಿ, ಮತದ ಹಕ್ಕಿಗೆ ಸಂಬಂಧಪಟ್ಟಷ್ಟು ಮಟ್ಟಿಗೆ ಪುಲ್ಲಿಂಗದ ಪದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂದಿತ್ತು. ‘ಮತದ ಹಕ್ಕಿಗೆ’ ಎಂಬುದನ್ನೇ ನ್ಯಾಯಾಧೀಶರು ಹಿಡಿದುಕೊಂಡರು: ಅಂದರೆ ಆರಿಸಬಹುದು, ಆರಿಸಿಬರುವಂತಿಲ್ಲ! ನಮ್ಮ ವ್ಯಾಕರಣದ ಮೇಷ್ಟ್ರುಗಳಿಗೂ ಹೊಳೆಯದ ಲಿಂಗವಿಚಾರ. ಮೇ ತಿಂಗಳಲ್ಲಿ ಆಕೆಯ ಕುರ್ಚಿ ಸೋತವನ ಪಾಲಾಯಿತು. (ಆಕೆಯ ಮಗ 1895ರಿಂದ 1900ರವರೆಗೆ ಮುಂಬಯಿಯ ಗವರ್ನರ್. ನಿಮ್ಮ ಧಾರವಾಡವೂ ಆಗ ಅವನ ಆಡಳಿತಕ್ಕೇ ಸೇರಿತ್ತು.)

ಕಾಬ್ಡನ್ ಮೇಲೆ ಯಾರೂ ಅಂಥ ದಾವೆ ಹೂಡಲಿಲ್ಲ. ಹನ್ನೆರಡು ತಿಂಗಳು ತಕರಾರಿಲ್ಲದೆ ಕಳೆದರೆ ಆಯ್ಕೆ ಸಿಂಧು ಎಂದು ಅದೇ ಕಾನೂನಿನ 73ನೇ ಕಲಮು. ಆಕೆ ತೆಪ್ಪಗಿದ್ದು, ವರ್ಷ ತುಂಬಿದ ಮೇಲೆ ಸಭೆಗೆ ಬಂದು ಮತ ಹಾಕತೊಡಗಿದರು. ಸಹಸದಸ್ಯನೊಬ್ಬ ಕೇಸು ಹಾಕಿದ. ಆಯ್ಕೆಯೇನೋ ಸಿಂಧು, ಆದರೆ ಸದಸ್ಯೆಯಾಗಿ ಕೆಲಸ ಮಾಡುವುದು ಅಪರಾಧ ಎಂದಿತು ಕೋರ್ಟು. ಐದು ಸಲ ಮತ ಹಾಕಿದ್ದಕ್ಕೆ ತಲಾ 50 ಪೌಂಡಿನಂತೆ 250 ಪೌಂಡು ದಂಡ. ಮೇಲ್ಮನವಿಯಲ್ಲಿ 5 ಪೌಂಡಿಗೆ ಇಳಿಯಿತು. ಅವಧಿ ಮುಗಿಯುವವರೆಗೂ ಆಕೆ ಸಭೆಗೆ ಬಂದು ಕೂತರು, ಮಾತಿಲ್ಲ, ಮತವಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಬಿಡದೆ ಕಾಡುವುದು ಆ ಕೂತದ್ದೇ. ಕಾನೂನು ಬದಲಾದದ್ದು 1907ರಲ್ಲಿ.

ಇನ್ನು ನಮ್ಮ ತಪ್ಪು. ಮೂರನೆಯವರಾದ ಎಮ್ಮಾ ಕಾನ್ಸ್ ಚುನಾವಣೆಗೆ ನಿಂತು ಗೆದ್ದವರಲ್ಲ. ಗೆದ್ದ ಸದಸ್ಯರು ಸೇರಿ ಆರಿಸಿಕೊಂಡ ಆಲ್ಡರ್‌ಮನ್. ಹಿಂದಿನ ಸಂಚಿಕೆ ಇಟ್ಟುಕೊಂಡವರು ದಯವಿಟ್ಟು ‘ಮೂವರು’ ಎಂಬುದನ್ನು ‘ಇಬ್ಬರು’ ಎಂದು ತಿದ್ದಿಕೊಳ್ಳಬೇಕು.

– ಸಂ.