ದಾರ್ ಎಸ್ ಸಲಾಮ್‌ಗೆ ಬರುವ ಮುಂಚೆ, ಮೇಷ್ಟ್ರ ಬಗ್ಗೆ ಒಂದಿಷ್ಟು

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀರಿ, ಸಂತೋಷ. ಅಲ್ಲಿ ನಮ್ಮವರನ್ನು ಹೇಗೆ ನೋಡುತ್ತಾರೆ, ರಾಗಿ ಸಿಗುತ್ತಾ, ರಜೆ ಪಟ್ಟಿಯಲ್ಲಿ ಅಕ್ಟೋಬರ್ 14ಕ್ಕೆ ಇರುವ ‘ನ್ಯೆರೆರೆ ದಿನ’ ಏನು ಅಂತ ಕೇಳಿದ್ದೀರಿ. ಮೊದಲನೆಯದಕ್ಕೂ ಕೊನೆಯದಕ್ಕೂ ಉತ್ತರ ಹೆಚ್ಚುಕಮ್ಮಿ ಒಂದೇ.

ಆ ರಜೆ ಈ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ನೆನಪಿಗೆ. ಇಲ್ಲಿನವರು ಅವರನ್ನು ‘ಮ್ವಾಲಿಮು’ ಅಂತಾರೆ. ಅಂದರೆ ಮೇಷ್ಟ್ರು. ನಿಜವಾಗಲೂ ಮೇಷ್ಟ್ರೇ, ಊರಾಚೆಯ ಪುಗುವಿನಲ್ಲಿ ಪಾಠ ಹೇಳುತ್ತಿದ್ದರು. 1954ರ ಜುಲೈ 7ರಂದು, ಸ್ವಾತಂತ್ರ್ಯಕ್ಕಾಗಿ ಹೋರಾಡಲು ಟಾನು ಪಕ್ಷ ಕಟ್ಟಿದರು. ಮರುವರ್ಷ ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ಮುಂದೆ ಮಾತಾಡಿ ಬಂದರು. ಆಗಿನ ಟಾಂಗನೀಕಾ, ಅಂದರೆ ಈಗಿನ ಟಾಂಜಾನಿಯಾದ ಮುಖ್ಯ ಭಾಗ, ಮೊದಲ ಮಹಾಯುದ್ಧದಲ್ಲಿ ಜರ್ಮನರು ಸೋತ ಮೇಲೆ ಬ್ರಿಟಿಷರ ಉಸ್ತುವಾರಿಗೆ ಬಿಟ್ಟ ನಾಡು. ಬ್ರಿಟಿಷರನ್ನು ಲೆಕ್ಕ ಕೇಳಲು ಮೇಲೆ ವಿಶ್ವಸಂಸ್ಥೆ ಇತ್ತು. ಪಾಠವೋ ರಾಜಕೀಯವೋ ಎಂಬ ಪ್ರಶ್ನೆ ಬಂದಾಗ ಮೇಷ್ಟ್ರು ಕೆಲಸ ಬಿಟ್ಟರು.

ನನಗೆ ತುಂಬಾ ಇಷ್ಟವಾದದ್ದು 1958ರ ಚುನಾವಣೆಯ ಕಥೆ. ಬ್ರಿಟಿಷರ ಲೆಕ್ಕಾಚಾರ ನೋಡಿ: ಪ್ರತಿ ಕ್ಷೇತ್ರಕ್ಕೂ ಮೂರು ಸೀಟು. ಆಫ್ರಿಕನ್ನರಿಗೊಂದು, ಬಿಳಿಯರಿಗೊಂದು, ಏಷ್ಯನ್ನರಿಗೊಂದು. ಏಷ್ಯನ್ನರು ಅಂದರೆ ಹೆಚ್ಚಾಗಿ ನಮ್ಮ ಗುಜರಾತಿನ ಕಡೆಯವರು. ನಾಡೆಲ್ಲ ಆಫ್ರಿಕನ್ನರದ್ದು, ಪಾಲು ಮಾತ್ರ ಮೂರರಲ್ಲಿ ಒಂದು! ಮೇಲಾಗಿ ಪ್ರತಿ ಮತದಾರನೂ ಮೂರು ಸೀಟಿಗೂ ಒಂದೊಂದು ವೋಟು ಹಾಕಲೇಬೇಕು. ಪಕ್ಷದವರಿಗೆ ಸಿಟ್ಟು ಬಂತು, ಬಹಿಷ್ಕಾರ ಹಾಕೋಣ ಅಂದರು. ಟಬೋರಾದ ಸಭೆಯಲ್ಲಿ ಮೇಷ್ಟ್ರು ಪಟ್ಟು ಹಿಡಿದು ಅವರನ್ನು ಒಪ್ಪಿಸಿದರು. ಮೂರು ವೋಟು ಇದ್ದರೆ ಮೂರನ್ನೂ ನಮಗೆ ಬೇಕಾದವರಿಗೇ ಹಾಕಬಹುದಲ್ವಾ? ಒಪ್ಪದ ಕೆಲವರು ಪಕ್ಷ ಬಿಟ್ಟು ಹೋದರು. ಕೊನೆಗೆ ಟಾನು ಬೆಂಬಲಿಸಿದ ಬಿಳಿಯರು, ಏಷ್ಯನ್ನರೇ ಗೆದ್ದರು. ಹಾಗೆ ಗೆದ್ದ ಅಮೀರ್ ಜಮಾಲ್ ಮುಂದೆ ಬಹಳ ಕಾಲ ಹಣಕಾಸು ಮಂತ್ರಿಯಾಗಿದ್ದರು. ಒಡೆಯಲು ಹಾಕಿದ ಗೆರೆಯನ್ನೇ ಸೇತುವೆ ಮಾಡಿಕೊಂಡ ಜಾಣತನ ಇದು. ಅದೇ ವರ್ಷ ಬ್ರಿಟಿಷ್ ಅಧಿಕಾರಿಗಳನ್ನು ಟೀಕಿಸಿ ಬರೆದದ್ದಕ್ಕೆ ಕೋರ್ಟು ಮೇಷ್ಟ್ರಿಗೆ ದಂಡ ಹಾಕಿತು. ಕಟ್ಟಿ ಬಂದರು.

1961ರ ಡಿಸೆಂಬರ್ 9ಕ್ಕೆ ಸ್ವಾತಂತ್ರ್ಯ. ಅದಕ್ಕೆ ಎರಡು ತಿಂಗಳಿರುವಾಗ, ಪೌರತ್ವ ಆಫ್ರಿಕನ್ನರಿಗೆ ಮಾತ್ರ ಎಂದು ಸಂಸತ್ತಿನಲ್ಲಿ ಕೆಲವರು ಹಟ ಹಿಡಿದರು. ಮೈಬಣ್ಣ ನೋಡಿ ಪೌರತ್ವ ಕೊಡುವುದಾದರೆ ಸರ್ಕಾರವೇ ರಾಜೀನಾಮೆ ಕೊಡುತ್ತದೆ ಎಂದರು ಮೇಷ್ಟ್ರು. ಇದನ್ನು ಇಲ್ಲಿನ ಹಳೇ ಅಂಗಡಿಯವರು ಮರೆತಿಲ್ಲ. ಹಾಗಂತ ಎಲ್ಲವೂ ಸಿಹಿಯಲ್ಲ. 1971ರಲ್ಲಿ ಬಾಡಿಗೆಗೆ ಬಿಟ್ಟಿದ್ದ ದೊಡ್ಡ ಕಟ್ಟಡಗಳನ್ನು ಅವರ ಸರ್ಕಾರವೇ ವಶಕ್ಕೆ ತೆಗೆದುಕೊಂಡಿತು. ಬೇಕಾದಷ್ಟು ಭಾರತೀಯರು ಗಂಟುಮೂಟೆ ಕಟ್ಟಿದರು. ಒಂದೇ ಮನೆಯಲ್ಲಿ ಅವರನ್ನು ಹೊಗಳುವ ಅಜ್ಜಿಯೂ ಬೈಯುವ ಅಜ್ಜನೂ ಸಿಗುತ್ತಾರೆ. ನನಗಂತೂ ಇಬ್ಬರ ಮಾತೂ ಸರಿ ಅನ್ನಿಸುತ್ತೆ.

ನಿಮ್ಮನ್ನು ‘ಮುಹಿಂದಿ’ ಅಂತಾರೆ, ಬೇಜಾರಾಗಬೇಡಿ, ಭಾರತೀಯ ಅಂತ ಅಷ್ಟೇ. ಹಿರಿಯರು ಕಂಡರೆ ‘ಶಿಕಮೋ’ ಅಂತ ನಮಸ್ಕಾರ ಹೇಳಿ, ಕಾವಲುಗಾರನಾದರೂ ಸರಿ. ಮುಖ ಅರಳುತ್ತದೆ. ಬೆಳಗ್ಗೆ ಏಳು ಗಂಟೆಯನ್ನು ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಒಂದು ಗಂಟೆ ಅಂತಾರೆ. ಮೊದಲ ವಾರ ನಾನೂ ಮೋಸ ಹೋಗಿದ್ದೆ, ಹುಷಾರು.

ಸೂಟ್‌ಕೇಸಿನಲ್ಲಿ ರಾಗಿ ಹಿಟ್ಟು ತುಂಬಬೇಡಿ. ಇಲ್ಲಿ ಅದಕ್ಕೆ ‘ಉಲೇಜಿ’ ಅಂತಾರೆ, ಬೆಳಗ್ಗೆ ಗಂಜಿ ಮಾಡಿ ಕುಡಿಯುತ್ತಾರೆ. ಮುದ್ದೆಗೂ ಚೆನ್ನಾಗಿ ಬರುತ್ತೆ.