ನೇಮಕಗೊಂಡ ಪೆರಿ, ಗೆದ್ದು ಬಂದ ಸರ್ಲೀಫ್

ಆಫ್ರಿಕಾದ ಮೊದಲ ಮಹಿಳಾ ಅಧ್ಯಕ್ಷೆ ರೂತ್ ಪೆರಿಯೋ, ಎಲೆನ್ ಜಾನ್ಸನ್ ಸರ್ಲೀಫೋ ಎಂದು ಕೇಳಿದ್ದೀರಿ. ಇಬ್ಬರೂ ಲೈಬೀರಿಯಾದವರೇ, ಹಾಗಾಗಿ ಗೊಂದಲ ಸಹಜ. ಪೆರಿ 1996ರಲ್ಲಿ, ಅಂತರ್ಯುದ್ಧದ ನಡುವೆ, ಮಧ್ಯಂತರ ಆಡಳಿತ ಮಂಡಳಿಯ ಮುಖ್ಯಸ್ಥೆಯಾಗಿ ನೇಮಕಗೊಂಡವರು. ಜನರಿಂದ ಚುನಾಯಿತರಾದ ಮೊದಲ ಅಧ್ಯಕ್ಷೆ ಸರ್ಲೀಫ್.

ಅವರು 2005ರ ಅಧ್ಯಕ್ಷೀಯ ಚುನಾವಣೆಗೆ ದಿಢೀರನೆ ಬಂದವರೂ ಅಲ್ಲ. 1979ರಲ್ಲೇ ಹಣಕಾಸು ಸಚಿವೆಯಾಗಿದ್ದರು. ಮರುವರ್ಷ ಸೈನಿಕ ಸ್ಯಾಮ್ಯುಯೆಲ್ ಡೋ ನಡೆಸಿದ ದಂಗೆಯಲ್ಲಿ ಅಧ್ಯಕ್ಷ ಟಾಲ್ಬರ್ಟ್ ಕೊಲೆಯಾದರು. ಕೆಲವೇ ದಿನಗಳಲ್ಲಿ ಹಳೆಯ ಸರ್ಕಾರದ 13 ಮಂದಿಯನ್ನು ರಾಜಧಾನಿ ಮನ್ರೋವಿಯಾದ ಕಡಲತೀರದಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. ಸರ್ಲೀಫ್ ಬದುಕುಳಿದರು. 1985ರಲ್ಲಿ ಡೋ ಆಡಳಿತವನ್ನು ಭಾಷಣದಲ್ಲಿ ಟೀಕಿಸಿದ್ದಕ್ಕೆ 10 ವರ್ಷದ ಶಿಕ್ಷೆಯಾಯಿತು, ಸ್ವಲ್ಪ ಕಾಲದಲ್ಲೇ ಬಿಡುಗಡೆಯೂ ಆಯಿತು. ಅದೇ ವರ್ಷ ಸೆನೆಟ್‌ಗೆ ಗೆದ್ದರೂ, ಚುನಾವಣೆಯೇ ಮೋಸದ್ದು ಎಂದು ಆಸನ ಸ್ವೀಕರಿಸಲಿಲ್ಲ. ಜೈಲು ಕಂಡು ಬಂದಾಕೆ ಕೈಗೆ ಬಂದ ಅಧಿಕಾರವನ್ನು ಹೀಗೆ ಬಿಟ್ಟುಕೊಟ್ಟಿದ್ದು ನನ್ನ ಮಟ್ಟಿಗೆ ಅಧ್ಯಕ್ಷ ಪದವಿಗಿಂತ ದೊಡ್ಡದು.

1997ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬಂಡಾಯ ನಾಯಕ ಚಾರ್ಲ್ಸ್ ಟೇಲರ್ ಎದುರು ಹೀನಾಯವಾಗಿ ಸೋತರು. 2005ರ ಎರಡನೇ ಸುತ್ತಿನಲ್ಲಿ ಫುಟ್‌ಬಾಲ್ ತಾರೆ ಜಾರ್ಜ್ ವೀಹ್ ಅವರನ್ನು ಸುಮಾರು ಶೇ. 59 ಮತ ಪಡೆದು ಸೋಲಿಸಿದರು. ದೇಶದ ವಿದೇಶಿ ಸಾಲದ ಬಹುಪಾಲು ಮನ್ನಾ ಆದದ್ದು ಅವರ ಕಾಲದಲ್ಲೇ. 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡರು.

ಒಂದು ಕಹಿ ಸಂಗತಿಯನ್ನೂ ಹೇಳಲೇಬೇಕು. ಆರಂಭದಲ್ಲಿ ಅವರು ಟೇಲರ್‌ನ ಬಂಡಾಯವನ್ನು ಬೆಂಬಲಿಸಿದ್ದರು. ಅದಕ್ಕಾಗಿ 2009ರಲ್ಲಿ, ಅಂತರ್ಯುದ್ಧದ ತನಿಖೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ ಅವರನ್ನು 30 ವರ್ಷ ಸಾರ್ವಜನಿಕ ಹುದ್ದೆಗಳಿಂದ ದೂರವಿಡಲು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. 2018ರಲ್ಲಿ ಅವರು ಅಧಿಕಾರ ಒಪ್ಪಿಸಿದ್ದು ಅದೇ ವೀಹ್‌ಗೆ.